ಕೆಲಸದ ನಡುವೆ ಲಾಗಿನ್ ಪರದೆಗೆ ಬಂದು ಬೀಳುವ ಲಿನಕ್ಸ್ ಲ್ಯಾಪ್‌ಟಾಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಲಿನಕ್ಸ್ ಬಳಸುವ ಗೆಳೆಯರು ನನ್ನ ಬಳಿ ತರುವ ದೂರುಗಳಲ್ಲಿ ಅತಿ ತಲೆನೋವಿನದು ಇದು: ‘ಯಾವಾಗಲೋ ಒಮ್ಮೆ ಪರದೆ ಹೋಗಿಬಿಡುತ್ತದೆ.’ ದಿನವೂ ಕೈಕೊಡುವ ಯಂತ್ರವನ್ನು ಸರಿಪಡಿಸುವುದು ಸುಲಭ. ವಾರಕ್ಕೊಮ್ಮೆ ಕೈಕೊಡುವ ಯಂತ್ರ ನಾವು ನೋಡಲು ಕುಳಿತಾಗ ಮಾತ್ರ ಸಂಭಾವಿತನಂತೆ ಇರುತ್ತದೆ. ಇಲ್ಲಿರುವುದು ಅಂಥ ಯಂತ್ರಗಳ ಜೊತೆ ಕಳೆದ ರಾತ್ರಿಗಳಿಂದ ಬಂದ ಉತ್ತರಗಳು. ಆಜ್ಞೆ ಮತ್ತು ಕಡತಗಳ ಹೆಸರನ್ನು ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು.

ಪರದೆ ಒಮ್ಮೆ ಮಿನುಗಿ ಕಪ್ಪಾಗುತ್ತದೆ, ಆಮೇಲೆ ಪಾಸ್‌ವರ್ಡ್ ಕೇಳುತ್ತದೆ. ತೆರೆದಿದ್ದ ಎಲ್ಲವೂ ಮಾಯ. ಏನಾಗಿರುತ್ತದೆ?

ಡಿಸ್‌ಪ್ಲೇ ಸರ್ವರ್ ಸತ್ತಿರುತ್ತದೆ. ಬ್ರೌಸರ್, ಲಿಬ್ರೆ ಆಫೀಸ್, ಟರ್ಮಿನಲ್ ಇವು ಯಾವುವೂ ತಾವೇ ನೇರವಾಗಿ ಪರದೆಯ ಮೇಲೆ ಬರೆಯುವುದಿಲ್ಲ. ನಡುವೆ ಒಂದು ಪ್ರೋಗ್ರಾಂ ಕುಳಿತು ಯಾರ ವಿಂಡೋ ಎಲ್ಲಿರಬೇಕು, ಒತ್ತಿದ ಕೀಲಿ ಯಾರಿಗೆ ಸೇರಬೇಕು ಎಂದು ಹಂಚುತ್ತಿರುತ್ತದೆ. ಕಂಬ ಬಿದ್ದರೆ ಚಪ್ಪರ ಬೀಳುವಂತೆ, ಅದು ಬಿದ್ದರೆ ಅದನ್ನು ನೆಚ್ಚಿಕೊಂಡಿದ್ದ ಎಲ್ಲ ಪ್ರೋಗ್ರಾಂಗಳೂ ಬೀಳುತ್ತವೆ. ಕೆಳಗಿನ ಕರ್ನಲ್, ಅಂದರೆ ಇಡೀ ಯಂತ್ರವನ್ನು ನಡೆಸುವ ಲಿನಕ್ಸ್‌ನ ತಿರುಳು, ಬದುಕಿರುತ್ತದೆ. ಆದ್ದರಿಂದಲೇ ಯಂತ್ರ ಮತ್ತೆ ಶುರುವಾಗದೆ ಸೀದಾ ಲಾಗಿನ್ ಪರದೆ ಬರುತ್ತದೆ.

ಈ ನಡುವಿನ ಪ್ರೋಗ್ರಾಂ ಬಹುಕಾಲ ಎಕ್ಸ್ ಆಗಿತ್ತು. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಇದರ ಹನ್ನೊಂದನೆಯ ಆವೃತ್ತಿ 1987ರಲ್ಲಿ ಬಂದಿತು, ಇವತ್ತಿಗೂ ಅದೇ ಹನ್ನೊಂದು ನಡೆಯುತ್ತಿದೆ. 2004ರಿಂದ ಅದನ್ನು ನೋಡಿಕೊಳ್ಳುತ್ತಿರುವುದು ಎಕ್ಸ್.ಆರ್ಗ್. 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ವೇಲ್ಯಾಂಡ್ ಎಂಬ ಹೊಸ ದಾರಿ ಶುರು ಮಾಡಿದರು. ಅದರಲ್ಲಿ ಸರ್ವರ್ ಬೇರೆ, ವಿಂಡೋ ಮ್ಯಾನೇಜರ್ ಬೇರೆ ಎಂಬ ಭೇದವಿಲ್ಲ. ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಗ್ನೋಮ್ ಶೆಲ್, ಕೆಡಿಇ ಡೆಸ್ಕ್‌ಟಾಪ್‌ನಲ್ಲಿ ಕೆವಿನ್, ಇವೇ ಸರ್ವರ್‌ಗಳು. ಈ ವ್ಯತ್ಯಾಸ ಚರಿತ್ರೆಯ ಪಾಠಕ್ಕಷ್ಟೇ ಅಲ್ಲ, ಮುಂದೆ ಲಾಗ್, ಅಂದರೆ ಯಂತ್ರ ಬರೆದಿಡುವ ದಿನಚರಿ, ಓದುವಾಗ ಯಾರ ಹೆಸರನ್ನು ಹುಡುಕಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ.

ನನ್ನದು ಎಕ್ಸೋ, ವೇಲ್ಯಾಂಡೋ? ತಿಳಿಯುವುದು ಹೇಗೆ?

ಟರ್ಮಿನಲ್‌ನಲ್ಲಿ ಎಕೋ ಎಂದು ಬರೆದು, ಡಾಲರ್ ಚಿಹ್ನೆಯ ಪಕ್ಕದಲ್ಲಿ ‘ಎಕ್ಸ್‌ಡಿಜಿ ಸೆಷನ್ ಟೈಪ್’ ಎಂಬ ಹೆಸರನ್ನು ದೊಡ್ಡಕ್ಷರಗಳಲ್ಲಿ, ನಡುವೆ ಅಡಿಗೆರೆ ಹಾಕಿ ಕೊಡಿ. ಎಕ್ಸ್11 ಅಥವಾ ವೇಲ್ಯಾಂಡ್ ಎಂಬ ಒಂದೇ ಪದದ ಉತ್ತರ ಬರುತ್ತದೆ. ಟರ್ಮಿನಲ್ ಇಷ್ಟವಿಲ್ಲದವರು ಗ್ನೋಮ್ ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟದಲ್ಲೂ ನೋಡಬಹುದು.

ಕೆಲವೊಮ್ಮೆ ಲಾಗಿನ್ ಪರದೆ ಬರುವುದೇ ಇಲ್ಲ, ಚಿತ್ರ ಹಾಗೆಯೇ ನಿಂತುಬಿಡುತ್ತದೆ. ಇದೂ ಅದೇ ತೊಂದರೆಯೇ?

ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ‘ಪರದೆ ಹೋಯಿತು’ ಎನ್ನುವುದು ‘ಹೊಟ್ಟೆ ನೋವು’ ಎಂದಂತೆ. ಒಳಗಿನ ಕಾಯಿಲೆ ಯಾವುದೂ ಆಗಿರಬಹುದು. ಪವರ್ ಬಟನ್‌ಗೆ ಕೈ ಹೋಗುವ ಮುಂಚೆ ಒಂದು ನಿಮಿಷ ತಡೆದು ಇಷ್ಟನ್ನು ನೋಡಿ.

ಹಾಡು ಕೇಳುತ್ತಿದ್ದರೆ ಅದು ಮುಂದುವರಿಯುತ್ತಿದೆಯೇ? ಮುಂದುವರಿದಿದ್ದರೆ ಕರ್ನಲ್ ಬದುಕಿದೆ. ಒಂದೇ ತುಣುಕು ಕೆಟ್ಟ ಕ್ಯಾಸೆಟ್ಟಿನಂತೆ ಮತ್ತೆ ಮತ್ತೆ ಕೇಳಿಸುತ್ತಿದ್ದರೆ ಯಂತ್ರವೇ ಸ್ತಬ್ಧವಾಗಿದೆ. ಮೌಸ್ ಬಾಣ ಓಡಾಡುತ್ತಿದ್ದು ಉಳಿದದ್ದೆಲ್ಲ ಕಲ್ಲಾಗಿದ್ದರೆ ಗ್ರಾಫಿಕ್ಸ್ ಚಿಪ್ ಅಥವಾ ಕಂಪೋಸಿಟರ್ (ವಿಂಡೋಗಳನ್ನು ಪರದೆಯಲ್ಲಿ ಜೋಡಿಸುವ ಪ್ರೋಗ್ರಾಂ) ಸಿಕ್ಕಿಕೊಂಡಿದೆ. ಕ್ಯಾಪ್ಸ್ ಲಾಕ್ ದೀಪ ತಾನಾಗಿಯೇ ಮಿಣುಕುತ್ತಿದ್ದರೆ ಕರ್ನಲ್ ಪ್ಯಾನಿಕ್, ಅಂದರೆ ಕರ್ನಲ್ಲೇ ಕೈಚೆಲ್ಲಿದೆ. ಅಲ್ಲಿ ಡಿಸ್‌ಪ್ಲೇ ಸರ್ವರ್ ತಪ್ಪಿತಸ್ಥನಲ್ಲ, ಬಲಿಪಶು.

ಆಮೇಲೆ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಕಪ್ಪು ಹಿನ್ನೆಲೆಯ ಪಠ್ಯ ಲಾಗಿನ್ ಬಂದರೆ ಅರ್ಧ ಗೆದ್ದಂತೆ, ಅಲ್ಲಿಂದಲೇ ಲಾಗ್ ಓದಬಹುದು. ಅದೂ ಬರದಿದ್ದರೆ, ಎಸ್‌ಎಸ್‌ಎಚ್ ಸೇವೆಯನ್ನು ಮೊದಲೇ ಚಾಲೂ ಮಾಡಿಟ್ಟಿದ್ದರೆ, ಅದೇ ವೈಫೈನಲ್ಲಿರುವ ಮೊಬೈಲಿನಿಂದ ಒಳಗೆ ಹೋಗಿ ನೋಡಿ. ಈ ತೊಂದರೆ ಇರುವವರು ಎಸ್‌ಎಸ್‌ಎಚ್ ಅನ್ನು ಇವತ್ತೇ ಹಾಕಿಟ್ಟುಕೊಳ್ಳುವುದು ಒಳ್ಳೆಯದು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಲಾಗದು.

ಯಾವುದಕ್ಕೂ ಜಗ್ಗದಿದ್ದಾಗ ಪವರ್ ಬಟನ್ ಅದುಮಿ ಹಿಡಿಯುವುದೊಂದೇ ದಾರಿಯೇ?

ಅದಕ್ಕೂ ಮುಂಚೆ ಒಂದು ಮೆಟ್ಟಿಲಿದೆ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಹಿಡಿದುಕೊಂಡು ಎಸ್, ಯು, ಬಿ ಅಕ್ಷರಗಳನ್ನು ಎರಡೆರಡು ಸೆಕೆಂಡು ಬಿಟ್ಟು ಒಂದೊಂದಾಗಿ ಒತ್ತಿ. ಬರೆಯಬೇಕಾದದ್ದು ಡಿಸ್ಕಿಗೆ ಇಳಿಯುತ್ತದೆ, ಡಿಸ್ಕ್ ಓದಲು ಮಾತ್ರ ಎಂಬ ಸ್ಥಿತಿಗೆ ಹೋಗುತ್ತದೆ, ಯಂತ್ರ ಮತ್ತೆ ಶುರುವಾಗುತ್ತದೆ. ಆರ್, ಇ, ಐ ಸೇರಿಸಿ ಆರು ಅಕ್ಷರಗಳ ಮಂತ್ರವನ್ನು ಹೇಳಿಕೊಡುವವರಿದ್ದಾರೆ. ಉಬುಂಟು ಎಂಬ ಲಿನಕ್ಸ್ ವಿತರಣೆಯಲ್ಲಿ (ಡಿಸ್ಟ್ರೋ) ಈ ಸೌಲಭ್ಯದ ಮೂಲ ಮೌಲ್ಯ 176, ಅಂದರೆ ಎಸ್‌ನ 16, ಯುವಿನ 32, ಬಿಯ 128 ಕೂಡಿದ್ದು. ಅದು ಅನುಮತಿಸುವುದು ಕೊನೆಯ ಮೂರನ್ನು ಮಾತ್ರ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಲಿಯನ್ನೂ ಜೊತೆಗೆ ಹಿಡಿಯಬೇಕಾಗುತ್ತದೆ. ಎಸ್ ಒತ್ತಿದ್ದರಿಂದ ಸಿಗುವ ದೊಡ್ಡ ಲಾಭವೆಂದರೆ ಕೊನೆಯ ಕ್ಷಣದ ಲಾಗ್ ಸಾಲುಗಳು ಉಳಿಯುವ ಸಾಧ್ಯತೆ.

ಮತ್ತೆ ಲಾಗಿನ್ ಆದೆ. ಈಗ ಮೊದಲು ಏನು ಮಾಡಲಿ?

ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಕಾಗದದ ಮೇಲೆ. ‘ಗುರುವಾರ ಮಧ್ಯಾಹ್ನ 3.42, ಚಾರ್ಜರ್ ಇತ್ತು, ವಿಡಿಯೋ ಕರೆ ನಡೆಯುತ್ತಿತ್ತು, ಹೊರಗಿನ ಮಾನಿಟರ್ ಇರಲಿಲ್ಲ.’ ಇಂಥ ಐದಾರು ಸಾಲು ಕೂಡಿದರೆ ಕಾರಣ ತಾನೇ ಮುಖ ತೋರಿಸುವುದುಂಟು. ಹೆಚ್ಚಿನವರು ಈ ಹೊತ್ತಿನಲ್ಲಿ ಮಾಡುವುದು ಬೇರೆಯೇ: ಹುಡುಕಿದಾಗ ಮೊದಲು ಸಿಕ್ಕ ನಾಲ್ಕು ಸಲಹೆಗಳನ್ನು ಒಟ್ಟಿಗೆ ಜಾರಿ ಮಾಡುತ್ತಾರೆ. ಆಮೇಲೆ ತೊಂದರೆ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ, ಹೋಗದಿದ್ದರೆ ಯಾವುದನ್ನು ಹಿಂತೆಗೆಯಬೇಕೆಂದು ತಿಳಿಯುವುದಿಲ್ಲ.

ಎರಡನೆಯದು, ಲಾಗ್ ಅನ್ನು ನಕಲು ಮಾಡಿಟ್ಟುಕೊಳ್ಳಿ. ಎಕ್ಸ್ ತನ್ನ ಕಥೆಯನ್ನು ‘ಎಕ್ಸ್‌ಆರ್ಗ್.0.ಲಾಗ್’ ಎಂಬ ಕಡತದಲ್ಲಿ ಬರೆಯುತ್ತದೆ. ಅದು /ವಾರ್/ಲಾಗ್ ಕೋಶದಲ್ಲಿರಬಹುದು, ಇಲ್ಲವೇ ನಿಮ್ಮ ಹೋಮ್ ಕೋಶದೊಳಗಿನ .ಲೋಕಲ್/ಶೇರ್/ಎಕ್ಸ್‌ಆರ್ಗ್ ಎಂಬಲ್ಲಿರಬಹುದು. ಎಕ್ಸ್ ಮತ್ತೆ ಶುರುವಾದಾಗ ಹಳೆಯ ಕಡತದ ಹೆಸರಿನ ಕೊನೆಗೆ ‘ಓಲ್ಡ್’ ಸೇರುತ್ತದೆ. ನಿಮಗೆ ಬೇಕಾದದ್ದು ಆ ಹಳೆಯದು, ಈಗಿನದಲ್ಲ. ಇನ್ನೊಮ್ಮೆ ಶುರು ಮಾಡಿದಿರೋ, ಅದರ ಮೇಲೆ ಹೊಸದು ಕುಳಿತು ಸಾಕ್ಷಿ ಅಳಿಸಿಹೋಗುತ್ತದೆ.

ಮೂರನೆಯದು ಸಿಸ್ಟಂಡಿ ಜರ್ನಲ್, ಹಿನ್ನೆಲೆ ಸೇವೆಗಳನ್ನು ನಡೆಸುವ ಸಿಸ್ಟಂಡಿ ಇಡುವ ಇಡೀ ಯಂತ್ರದ ಲಾಗ್. ಯಂತ್ರ ಮತ್ತೆ ಶುರುವಾಗಿದ್ದರೆ ‘ಜರ್ನಲ್‌ಸಿಟಿಎಲ್ -ಬಿ -1’ ಎಂದರೆ ಹಿಂದಿನ ಸಲದ ದಾಖಲೆ ಬರುತ್ತದೆ. ಬರೀ ಲಾಗಿನ್ ಪರದೆಗೆ ಬಂದಿದ್ದರೆ ‘-ಬಿ’ ಸಾಕು, ‘-1’ ಬೇಡ. ಕೀಲಿಮಣೆಯ ಎಂಡ್ ಒತ್ತಿದರೆ ಕೊನೆಯ ಸಾಲುಗಳಿಗೆ ಹೋಗಬಹುದು. ಹಿಂದಿನ ದಾಖಲೆಯೇ ಇಲ್ಲ ಎಂದು ಹೇಳಿದರೆ /ವಾರ್/ಲಾಗ್/ಜರ್ನಲ್ ಎಂಬ ಕೋಶ ಇಲ್ಲದಿರಬಹುದು. ಆಗ ಜರ್ನಲ್ ಬರೀ ಮೆಮೊರಿಯಲ್ಲಿದ್ದು ಯಂತ್ರದ ಜೊತೆಗೇ ಆರಿಹೋಗುತ್ತದೆ. ಇನ್ನೊಂದು ವಿತರಣೆಯಾದ ಡೆಬಿಯನ್‌ನಲ್ಲಿ 2021ರ 11ನೆಯ ಆವೃತ್ತಿಯಿಂದ ಈಚೆಗೆ ಜರ್ನಲ್ ಡಿಸ್ಕಿನಲ್ಲೇ ಉಳಿಯುತ್ತದೆ. ಹಳೆಯದರಲ್ಲಿ ಆ ಕೋಶವನ್ನು ನೀವೇ ಮಾಡಿ, ಜರ್ನಲ್ ಸೇವೆಯನ್ನು ಮತ್ತೆ ಶುರು ಮಾಡಬೇಕು.

ಲಾಗ್ ತೆರೆದೆ, ಸಾವಿರಾರು ಸಾಲುಗಳಿವೆ. ಯಾವುದನ್ನು ಓದಲಿ?

ನೀವು ಬರೆದುಕೊಂಡ ಸಮಯದ ಹಿಂದಿನ ಎರಡು ನಿಮಿಷ ಮಾತ್ರ. ಅದಕ್ಕೇ ಸಮಯ ಬರೆಯಿರಿ ಎಂದದ್ದು. ಎಕ್ಸ್ ಕಡತದಲ್ಲಿ ಸಾಲಿಗೊಂದು ಗುರುತಿರುತ್ತದೆ: ಎರಡು ‘ಐ’ ಮಾಹಿತಿ, ಎರಡು ‘ಡಬ್ಲ್ಯು’ ಎಚ್ಚರಿಕೆ, ಎರಡು ‘ಇ’ ದೋಷ. ಎಚ್ಚರಿಕೆಗಳನ್ನು ನೋಡಿ ಗಾಬರಿಯಾಗಬೇಡಿ. ಚೆನ್ನಾಗಿ ನಡೆಯುವ ಯಂತ್ರದಲ್ಲೂ ಅವು ರಾಶಿ ಬಿದ್ದಿರುತ್ತವೆ. ಯಾವುದೋ ಫಾಂಟ್ ಕೋಶ ಸಿಗಲಿಲ್ಲ ಎಂಬ ಸಾಲನ್ನು ಹಿಡಿದುಕೊಂಡು ಎರಡು ದಿನ ಕಳೆದವರನ್ನು ಬಲ್ಲೆ. ಕೊನೆಯಲ್ಲಿ ‘ಬ್ಯಾಕ್‌ಟ್ರೇಸ್’ ಎಂಬ ಪದ, ಅದರ ಕೆಳಗೆ ಸಂಖ್ಯೆ ಹಾಕಿದ ಸಾಲುಗಳ ಏಣಿ ಇದ್ದರೆ ಅದೇ ಚಿನ್ನ. ಸರ್ವರ್ ಸಾಯುವಾಗ ಯಾವ ಲೈಬ್ರರಿಯ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಕಡತದ) ಯಾವ ಕೆಲಸದಲ್ಲಿತ್ತು ಎಂದು ಆ ಏಣಿ ಹೇಳುತ್ತದೆ.

ಜರ್ನಲ್‌ನಲ್ಲಿ ‘ಸೆಗ್‌ಫಾಲ್ಟ್ ಅಟ್’ ಎಂದು ಹುಡುಕಿ. ತನ್ನದಲ್ಲದ ಮೆಮೊರಿ ಮುಟ್ಟಲು ಹೋಗಿ ಪ್ರೋಗ್ರಾಂ ಸತ್ತದ್ದರ ಗುರುತು ಅದು. ಆ ಒಂದು ಸಾಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಓದಿ. ಮೊದಲಿಗೆ ಸತ್ತ ಪ್ರೋಗ್ರಾಂನ ಹೆಸರು, ಪಕ್ಕದ ಆವರಣದಲ್ಲಿ ಅದರ ಸಂಖ್ಯೆ. ‘ಅಟ್’ ಆದ ಮೇಲೆ ಬರುವುದು ಅದು ಮುಟ್ಟಲು ಹೋದ ಮೆಮೊರಿ ವಿಳಾಸ. ಅದು 0, 8, 18 ಹೀಗೆ ತೀರಾ ಚಿಕ್ಕದಾಗಿದ್ದರೆ ಪ್ರೋಗ್ರಾಂ ಖಾಲಿ ಪಾಯಿಂಟರ್ (ಎಲ್ಲಿಗೂ ತೋರಿಸದ ವಿಳಾಸ) ಹಿಡಿದು ಹೊರಟಿತ್ತು, ಅಂದರೆ ಬರೆದವರ ತಪ್ಪಿನ ಕಡೆಗೆ ಬೆರಳು ಹೋಗುತ್ತದೆ. ಮುಂದೆ ‘ಎರರ್ 4’ ಇದ್ದರೆ ಇಲ್ಲದ ಪುಟವನ್ನು ಓದಲು ಹೋಗಿತ್ತು, ‘ಎರರ್ 6’ ಇದ್ದರೆ ಅಲ್ಲಿ ಬರೆಯಲು ಹೋಗಿತ್ತು. ಕೊನೆಯಲ್ಲಿ ‘ಇನ್’ ಎಂಬುದರ ಪಕ್ಕದಲ್ಲಿ ಒಂದು ಲೈಬ್ರರಿಯ ಹೆಸರು. ಅದು ಡ್ರೈವರ್‌ಗೆ ಸೇರಿದ್ದೇ, ಮೆಸಾ ಎಂಬ ಗ್ರಾಫಿಕ್ಸ್ ಲೈಬ್ರರಿಗೆ ಸೇರಿದ್ದೇ, ಗ್ನೋಮ್‌ಗೆ ಸೇರಿದ್ದೇ ಎಂದು ನೋಡಿದರೆ ಯಾರ ಬಾಗಿಲು ತಟ್ಟಬೇಕೆಂದು ಗೊತ್ತಾಗುತ್ತದೆ. ಇಂಥ ನಾಲ್ಕು ಸಾಲುಗಳನ್ನು ಬೇರೆ ಬೇರೆ ದಿನಗಳಿಂದ ಆರಿಸಿ ಒಂದರ ಕೆಳಗೊಂದು ಅಂಟಿಸಿ. ನಾಲ್ಕರಲ್ಲೂ ಅದೇ ಪ್ರೋಗ್ರಾಂ, ಅದೇ ಲೈಬ್ರರಿ ಇದ್ದರೆ ಸಾಫ್ಟ್‌ವೇರ್ ದೋಷ. ಪ್ರತಿ ಸಲವೂ ಬೇರೆ ಬೇರೆ ಇದ್ದರೆ ಸಂಶಯ ಹಾರ್ಡ್‌ವೇರ್ ಮೇಲೆ ಹೋಗಬೇಕು.

‘ಕೋರ್‌ಡಂಪ್‌ಸಿಟಿಎಲ್ ಲಿಸ್ಟ್’ ಎಂಬ ಆಜ್ಞೆ ಇದ್ದರೆ ಈ ಪಟ್ಟಿಯನ್ನು ಅದೇ ತಯಾರಿಸಿ ಕೊಡುತ್ತದೆ. ಸಿಗ್ನಲ್ 11 ಎಂದರೆ ಮೇಲೆ ಹೇಳಿದ ಸೆಗ್‌ಫಾಲ್ಟ್. ಸಿಗ್ನಲ್ 6 ಎಂದರೆ ಪ್ರೋಗ್ರಾಂ ‘ಇನ್ನು ಮುಂದುವರಿಯಲಾರೆ’ ಎಂದು ತಾನೇ ಪ್ರಾಣ ಬಿಟ್ಟದ್ದು. ಹಾಗೆ ಬಿಡುವ ಮುಂಚಿನ ಸಾಲಿನಲ್ಲಿ ಕಾರಣವನ್ನೂ ಸಾಮಾನ್ಯವಾಗಿ ಬರೆದಿರುತ್ತದೆ.

ಲಾಗ್‌ನಲ್ಲಿ ಏನೂ ಇಲ್ಲ. ಒಂದು ಸಾಲು ಮಾಮೂಲಿ, ಮುಂದಿನ ಸಾಲು ಹೊಸ ಬೂಟ್.

ಏನೂ ಇಲ್ಲದಿರುವುದೂ ಒಂದು ಉತ್ತರವೇ. ಸಾಯುವ ಮುಂಚೆ ಒಂದು ಮಾತು ಬರೆಯಲೂ ಸಮಯ ಸಿಗಲಿಲ್ಲ ಎಂದರೆ ವಿದ್ಯುತ್, ಬಿಸಿ, ಮೆಮೊರಿ ಅಥವಾ ಡಿಸ್ಕ್ ಕಡೆ ನೋಡಿ. ಬೇ ಟ್ರೇಲ್ ಹೆಸರಿನ ಅಗ್ಗದ ಇಂಟೆಲ್ ಪ್ರೊಸೆಸರ್‌ಗಳಿದ್ದ ಹಳೆಯ ಲ್ಯಾಪ್‌ಟಾಪ್‌ಗಳು ಹೀಗೆ ಸದ್ದಿಲ್ಲದೆ ಹೆಪ್ಪುಗಟ್ಟುತ್ತಿದ್ದವು. ಪ್ರೊಸೆಸರ್ ಆಳವಾದ ನಿದ್ರೆಗೆ ಹೋಗದಂತೆ ‘ಇಂಟೆಲ್ ಐಡಲ್ ಮ್ಯಾಕ್ಸ್ ಸಿಸ್ಟೇಟ್’ ಎಂಬ ಕರ್ನಲ್ ಆಯ್ಕೆಯನ್ನು 1ಕ್ಕೆ ಕಟ್ಟಿಹಾಕುವುದು ಆಗ ಎಲ್ಲರೂ ಮಾಡಿದ ಉಪಾಯ. ಬ್ಯಾಟರಿ ಬೇಗ ಮುಗಿಯುತ್ತಿತ್ತು, ಯಂತ್ರ ಮಾತ್ರ ನಿಲ್ಲುತ್ತಿರಲಿಲ್ಲ.

ಪ್ರತಿ ಸಲ ಬೇರೆ ಪ್ರೋಗ್ರಾಂ ಸಾಯುತ್ತಿದೆ. ರ‍್ಯಾಮ್ ಕೆಟ್ಟಿರಬಹುದೇ?

ನನ್ನ ಕಥೆ ಹೇಳುತ್ತೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಎಕ್ಸ್ ಬೀಳುತ್ತಿತ್ತು. ಡ್ರೈವರ್ ಬದಲಿಸಿದೆ, ಕರ್ನಲ್ ಬದಲಿಸಿದೆ, ಡೆಸ್ಕ್‌ಟಾಪ್ ಬದಲಿಸಿದೆ, ಕೊನೆಗೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದೆ. ಎರಡು ತಿಂಗಳು ಹೀಗೇ ಹೋಯಿತು. ಒಂದು ಭಾನುವಾರ ದೊಡ್ಡ ಜಿಪ್ ಕಡತವೊಂದನ್ನು ಬಿಚ್ಚುವಾಗ ಅದು ಕೆಟ್ಟಿದೆ ಎಂದಿತು. ಮತ್ತೆ ಬಿಚ್ಚಿದೆ, ಸರಿಯಾಗಿ ಬಿಚ್ಚಿಕೊಂಡಿತು. ಅದೇ ಕಡತ, ಅದೇ ಡಿಸ್ಕ್, ಎರಡು ಉತ್ತರ! ಆಗ ಹೊಳೆಯಿತು. ಆ ರಾತ್ರಿ ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷಕ ಹಾಕಿದೆ. ಮೊದಲ ಸುತ್ತು ಮುಗಿಯುವವರೆಗೆ ಎಚ್ಚರವಾಗಿದ್ದೆ, ಒಂದೂ ತಪ್ಪಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಪರದೆಯ ಕೆಳಭಾಗದಲ್ಲಿ ಕೆಂಪು ಸಾಲುಗಳು. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ವಿಳಾಸ. ಕಂಪನಿಯಿಂದ ಬಂದ 4 ಜಿಬಿ ಜೊತೆಗೆ ನಾನೇ ಕೊಂಡು ಸಿಕ್ಕಿಸಿದ್ದ 8 ಜಿಬಿ ತುಂಡು ಅದು. ತೆಗೆದಿಟ್ಟೆ, ತೊಂದರೆ ಹೋಯಿತು. ಹೊಸದಾಗಿ ಹಾಕಿದ್ದನ್ನು ಮೊದಲು ಸಂಶಯಿಸಬೇಕು ಎಂಬ ಸಾಮಾನ್ಯ ಜ್ಞಾನ ಎಲ್ಲರಿಗೂ ಉಪದೇಶಿಸುವ ನನಗೇ ಇರಲಿಲ್ಲ.

ಆದ್ದರಿಂದ ಒಂದು ಸುತ್ತು ಪಾಸಾಯಿತೆಂದು ನಿಲ್ಲಿಸಬೇಡಿ. ಇಡೀ ರಾತ್ರಿ ಓಡಲಿ. ಎರಡು ತುಂಡುಗಳಿದ್ದರೆ ಒಂದೊಂದನ್ನೇ ಇಟ್ಟು ಓಡಿಸಿ. ಬೋರ್ಡಿಗೇ ಬೆಸುಗೆ ಹಾಕಿದ ಮೆಮೊರಿ ಇರುವ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಈ ಸುಖವಿಲ್ಲ.

ಮೆಮೊರಿ ಕೆಟ್ಟಿಲ್ಲ, ಆದರೆ ಕಡಿಮೆ ಇದೆ. ಅದರಿಂದಲೂ ಹೀಗಾಗುತ್ತದೆಯೇ?

ಆಗುತ್ತದೆ. 4 ಜಿಬಿ ಯಂತ್ರದಲ್ಲಿ ಬ್ರೌಸರ್‌ನ ಮೂವತ್ತು ಟ್ಯಾಬ್ ತೆರೆದರೆ ಕರ್ನಲ್ ಯಾರನ್ನಾದರೂ ಬಲಿ ಕೊಡಲೇಬೇಕಾಗುತ್ತದೆ. ಜರ್ನಲ್‌ನಲ್ಲಿ ‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೋಸೆಸ್’ ಎಂಬ ಸಾಲಿದ್ದರೆ ಇದು ಕ್ರ್ಯಾಶ್ ಅಲ್ಲ, ಕೊಲೆ. ಉಬುಂಟು 22.04ರಿಂದ ಸಿಸ್ಟಂಡಿ-ಓಓಎಂಡಿ ಎಂಬ ಕಾವಲುಗಾರನೂ ಇದ್ದಾನೆ. ಅವನು ಕರ್ನಲ್‌ಗಿಂತ ಮೊದಲೇ ಕತ್ತಿ ಎತ್ತುತ್ತಾನೆ. ಪರಿಹಾರ ಮೂರು: ಸ್ವಾಪ್ ಜಾಗ (ಮೆಮೊರಿಯ ಬದಲಿಗೆ ಬಳಸುವ ಡಿಸ್ಕಿನ ಜಾಗ) ಹೆಚ್ಚಿಸುವುದು, ಝಡ್‌ರ‍್ಯಾಮ್ (ಮೆಮೊರಿಯಲ್ಲಿರುವುದನ್ನು ಒತ್ತಿ ಚಿಕ್ಕದಾಗಿಸುವುದು) ಹಾಕುವುದು, ಟ್ಯಾಬ್ ಮುಚ್ಚುವ ಅಭ್ಯಾಸ. ಮೂರನೆಯದನ್ನು ಯಾರೂ ಒಪ್ಪುವುದಿಲ್ಲ.

ಇಂಟೆಲ್ ಗ್ರಾಫಿಕ್ಸ್ ಇದೆ. ಏನನ್ನು ಪ್ರಯತ್ನಿಸಲಿ?

ಮೊದಲು ‘ಜಿಪಿಯು ಹ್ಯಾಂಗ್’ ಎಂಬ ಸಾಲು ಕರ್ನಲ್ ಲಾಗ್‌ನಲ್ಲಿದೆಯೇ ನೋಡಿ. ಇದ್ದರೆ ಯಂತ್ರ ಮತ್ತೆ ಶುರು ಮಾಡುವ ಮುಂಚೆ /ಸಿಸ್/ಕ್ಲಾಸ್/ಡಿಆರ್‌ಎಂ/ಕಾರ್ಡ್0/ಎರರ್ ಕಡತದಲ್ಲಿರುವುದನ್ನು ಬೇರೆಡೆ ನಕಲಿಸಿಕೊಳ್ಳಿ. ಕಾರ್ಡಿನ ಸಂಖ್ಯೆ 0 ಬದಲು 1 ಇರಬಹುದು.

ಎಕ್ಸ್ ಬಳಸುವವರು ಹಳೆಯ ಇಂಟೆಲ್ ಎಕ್ಸ್ ಡ್ರೈವರ್ ಹಾಕಿಕೊಂಡಿದ್ದರೆ ಅದನ್ನು ತೆಗೆಯುವುದು ನನ್ನ ಮೊದಲ ಸಲಹೆ. 2016ರಲ್ಲೇ ಡೆಬಿಯನ್ ಮತ್ತು ಉಬುಂಟು ಅದನ್ನು ಬಿಟ್ಟು ಎಕ್ಸ್ ಜೊತೆಗೇ ಬರುವ ಮೋಡ್‌ಸೆಟ್ಟಿಂಗ್ ಡ್ರೈವರ್‌ಗೆ ಹೊರಳಿದವು. ಆದರೂ ‘ಪರದೆ ಹರಿದಂತೆ ಕಂಡರೆ ಇದನ್ನು ಸೇರಿಸಿ’ ಎಂಬ ಹಳೆಯ ಸಲಹೆ ಪಾಲಿಸಿ, ಹತ್ತು ಸಾಲಿನ ಎಕ್ಸ್ ಕಾನ್ಫಿಗರೇಷನ್ ಕಡತವನ್ನು ಮಾಡಿಟ್ಟು ಮರೆತವರು ಇದ್ದಾರೆ. /ಇಟಿಸಿ/ಎಕ್ಸ್11 ಕೋಶದೊಳಗೆ ಒಮ್ಮೆ ಇಣುಕಿ. ನಿಮ್ಮದೇ ಹಳೆಯ ಕೈಬರಹ ಸಿಗಬಹುದು.

ಸ್ಥಿರ ಚಿತ್ರದ ಮುಂದೆ ಕುಳಿತು ಓದುತ್ತಿರುವಾಗ ಪರದೆ ಮಿನುಗುವುದು ಅಥವಾ ನಿಲ್ಲುವುದು ನಡೆದರೆ ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಸಂಶಯಾಸ್ಪದ. ಚಿತ್ರ ಬದಲಾಗದಿರುವಾಗ ಪರದೆಯೇ ಒಂದು ಪ್ರತಿ ಇಟ್ಟುಕೊಂಡು ಗ್ರಾಫಿಕ್ಸ್ ಚಿಪ್ಪನ್ನು ಮಲಗಲು ಬಿಡುವ ಏರ್ಪಾಡು ಅದು. ಎಬ್ಬಿಸುವಾಗ ಎಡವಟ್ಟಾಗುತ್ತದೆ. ‘ಐ915’ ಹೆಸರಿನ ನಂತರ ಚುಕ್ಕಿ ಹಾಕಿ ‘ಎನೇಬಲ್ ಪಿಎಸ್‌ಆರ್’ ಎಂಬ ಕರ್ನಲ್ ಆಯ್ಕೆಯನ್ನು 0 ಮಾಡಿ ನೋಡಿ. ಇದನ್ನು ಶಾಶ್ವತವಾಗಿ ಬರೆಯುವ ಮುಂಚೆ, ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಸೇರಿಸಿ, ಎಫ್10 ಒತ್ತಿ. ಅದು ಆ ಒಂದು ಸಲಕ್ಕೆ ಮಾತ್ರ. ತಪ್ಪಾದರೂ ಮುಂದಿನ ಬೂಟ್‌ಗೆ ಮರೆತುಹೋಗುತ್ತದೆ.

ಎಎಂಡಿ?

ಇಲ್ಲಿ ಹುಡುಕಬೇಕಾದದ್ದು ‘ಎಎಂಡಿಜಿಪಿಯು’ ಜೊತೆಗೆ ‘ರಿಂಗ್’ ಮತ್ತು ‘ಟೈಮ್‌ಔಟ್’ ಎಂಬ ಪದಗಳು. ಚಿಪ್ಪಿಗೆ ಕೊಟ್ಟ ಕೆಲಸ ವಾಪಸ್ಸು ಬರಲಿಲ್ಲ ಎಂದರ್ಥ. ಕರ್ನಲ್ ಆಗ ಚಿಪ್ಪನ್ನು ರೀಸೆಟ್ ಮಾಡುತ್ತದೆ. ಅದು ಗೆದ್ದರೂ, ಅದರಲ್ಲಿದ್ದ ಚಿತ್ರಗಳೆಲ್ಲ ಕಳೆದುಹೋಗಿ ಡೆಸ್ಕ್‌ಟಾಪ್ ಸಾಯುವುದುಂಟು. ನೋಡಬೇಕಾದದ್ದು ಕರ್ನಲ್, ಮೆಸಾ, ಲಿನಕ್ಸ್-ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ಕೋಡ್) ಈ ಮೂರರ ಹೊಂದಾಣಿಕೆ. ಹೊಸ ಲ್ಯಾಪ್‌ಟಾಪ್‌ಗೆ ಹಳೆಯ ವಿತರಣೆ ಹಾಕಿದವರಿಗೆ ಈ ತೊಂದರೆ ಹೆಚ್ಚು.

ಎನ್ವಿಡಿಯಾ?

‘ಎಕ್ಸ್‌ಐಡಿ’ ಎಂಬ ಪದ ಮತ್ತು ಅದರ ಪಕ್ಕದ ಸಂಖ್ಯೆಯನ್ನು ಹುಡುಕಿ. 79 ಇದ್ದರೆ ಚಿಪ್ ತನ್ನನ್ನು ಯಂತ್ರಕ್ಕೆ ಜೋಡಿಸುವ ಬಸ್‌ನಿಂದಲೇ ಕಾಣೆಯಾಗಿದೆ. ಬಿಸಿ, ವಿದ್ಯುತ್ ಪೂರೈಕೆ ಅಥವಾ ಹಾರ್ಡ್‌ವೇರ್ ಕಡೆ ನೋಡಿ. 13 ಅಥವಾ 31 ಇದ್ದರೆ ಡ್ರೈವರ್ ಅಥವಾ ಯಾವುದೋ ಒಂದು ಪ್ರೋಗ್ರಾಂ ತಪ್ಪು ಮಾಡಿರುವ ಸಾಧ್ಯತೆ ಹೆಚ್ಚು.

ಇನ್ನೊಂದು ಪದೇ ಪದೇ ಕಾಣುವ ಪ್ರಕರಣವಿದೆ. ಹಿನ್ನೆಲೆಯಲ್ಲಿ ತಾನಾಗಿ ನಡೆದ ಅಪ್‌ಡೇಟ್ ಡ್ರೈವರ್‌ನ ಲೈಬ್ರರಿಗಳನ್ನು ಬದಲಿಸಿರುತ್ತದೆ, ಕರ್ನಲ್‌ನಲ್ಲಿ ಓಡುತ್ತಿರುವ ಮಾಡ್ಯೂಲ್ (ಡ್ರೈವರ್‌ನ ಕರ್ನಲ್ ಭಾಗ) ಮಾತ್ರ ಹಳೆಯದು. ಎರಡಕ್ಕೂ ಹೊಂದಾಣಿಕೆ ತಪ್ಪಿ, ಹೊಸದಾಗಿ ತೆರೆದ ಪ್ರೋಗ್ರಾಂಗಳು ಬೀಳುತ್ತವೆ. ಲಾಗ್‌ನಲ್ಲಿ ‘ಮಿಸ್‌ಮ್ಯಾಚ್’ ಎಂದು ಬರೆದಿರುತ್ತದೆ. ಒಮ್ಮೆ ರೀಬೂಟ್ ಮಾಡಿದರೆ ಮುಗಿಯಿತು. ಹಳೆಯ ಫರ್ಮಿ ಪೀಳಿಗೆಯ ಚಿಪ್‌ಗಳಿಗೆ ಬೇಕಾದ 390 ಸರಣಿಯ ಡ್ರೈವರ್‌ಗೆ ಬೆಂಬಲ 2022ರ ಕೊನೆಗೆ ನಿಂತಿತು. ಅಂಥ ಯಂತ್ರವಿದ್ದವರು ಹೊಸ ಕರ್ನಲ್ ಜೊತೆ ಗುದ್ದಾಡುವುದಕ್ಕಿಂತ ಮುಕ್ತ ತಂತ್ರಾಂಶದ ನೂವೋ ಡ್ರೈವರ್‌ಗೆ ಶರಣಾಗುವುದು ನೆಮ್ಮದಿ.

ಮುಚ್ಚಳ ಮುಚ್ಚಿ ತೆರೆದಾಗ ಮಾತ್ರ ಹೀಗಾಗುತ್ತದೆ.

ಎರಡು ಬೇರೆ ಸಂಗತಿಗಳನ್ನು ಬೇರ್ಪಡಿಸಿ. ಸೆಟ್ಟಿಂಗ್ಸ್‌ನಲ್ಲಿ ಮುಚ್ಚಳ ಮುಚ್ಚಿದರೂ ನಿದ್ರೆಗೆ ಹೋಗಬಾರದೆಂದು ಮಾಡಿ, ಮೆನುವಿನಿಂದ ಸಸ್ಪೆಂಡ್ ಕೊಟ್ಟು ನೋಡಿ. ಮೆನುವಿನಿಂದ ಕೊಟ್ಟಾಗಲೂ ಬಿದ್ದರೆ ಅದು ನಿದ್ರೆಯ ತೊಂದರೆ. /ಸಿಸ್/ಪವರ್/ಮೆಮ್_ಸ್ಲೀಪ್ ಕಡತ ಓದಿದರೆ ನಿಮ್ಮ ಯಂತ್ರಕ್ಕೆ ಯಾವ ಬಗೆಯ ನಿದ್ರೆ ಗೊತ್ತು, ಈಗ ಯಾವುದು ಆಯ್ಕೆಯಾಗಿದೆ ಎಂದು ತಿಳಿಯುತ್ತದೆ. ಎರಡಿದ್ದರೆ ಇನ್ನೊಂದನ್ನು ಪ್ರಯತ್ನಿಸಿ. ಹಾಗಲ್ಲದೆ ಮುಚ್ಚಳದ ಕೋನ ಬದಲಿಸಿದಾಗಲೆಲ್ಲ ಪರದೆ ಮಿಣುಕುತ್ತಿದ್ದು, ಅದೇ ಹೊತ್ತಿಗೆ ಹೊರಗಿನ ಮಾನಿಟರ್‌ನಲ್ಲಿ ಚಿತ್ರ ಸರಿಯಾಗಿದ್ದರೆ, ಕೀಲಿನ ಒಳಗೆ ಹಾದುಹೋಗುವ ಕೇಬಲ್ ಸವೆದಿದೆ. ಅದಕ್ಕೆ ಯಾವ ಆಜ್ಞೆಯೂ ಇಲ್ಲ, ಸ್ಕ್ರೂಡ್ರೈವರ್ ಬೇಕು.

ಬೇಸಿಗೆಯಲ್ಲಿ ಮಾತ್ರ ತೊಂದರೆ. ನಾನು ಇರುವುದು ರಾಯಚೂರಿನಲ್ಲಿ.

ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವ ಊರಿನಲ್ಲಿ ಫ್ಯಾನ್ ಒಳಗೆಳೆಯುವ ಗಾಳಿಯೇ ಬಿಸಿ. ‘ಸೆನ್ಸರ್ಸ್’ ಆಜ್ಞೆಯಿಂದ ಪ್ರೊಸೆಸರ್ ಬಿಸಿ ನೋಡಿ. ಸುಮ್ಮನೆ ಕುಳಿತಾಗಲೇ 75 ದಾಟಿದ್ದರೆ ಗಾಳಿಕಿಂಡಿಯಲ್ಲಿ ದೂಳು ಕಟ್ಟಿದೆ. ಹಾಸಿಗೆಯ ಮೇಲಿಟ್ಟು ಬಳಸುವ ಅಭ್ಯಾಸವಿದ್ದರೆ ಹತ್ತಿಯ ಎಳೆಗಳೂ ಸೇರಿಕೊಂಡಿರುತ್ತವೆ. ಬಿಸಿ ಮಿತಿ ಮೀರಿದಾಗ ಯಂತ್ರ ಪೂರ್ತಿ ಆರಿಹೋಗುತ್ತದೆ, ಲಾಗಿನ್ ಪರದೆಗೆ ಬರುವುದಿಲ್ಲ. ಆ ವ್ಯತ್ಯಾಸ ನೆನಪಿರಲಿ. ಬೆಳಗಿನ ಜಾವ ಮತ್ತು ಮಧ್ಯಾಹ್ನ ಎರಡೂ ಹೊತ್ತಿನಲ್ಲಿ ಒಂದೇ ಭಾರದ ಕೆಲಸ ಕೊಟ್ಟು ಹೋಲಿಸಿ.

ಕನ್ನಡದಲ್ಲಿ ಟೈಪಿಸುವಾಗ ಬೀಳುತ್ತದೆ. ನಮ್ಮ ಲಿಪಿಯೇ ಕಾರಣವೇ?

ಲಿಪಿಯ ಮೇಲೆ ಹೊರಿಸುವ ಮುಂಚೆ ಪರೀಕ್ಷಿಸೋಣ. ಕನ್ನಡ ಟೈಪಿಂಗ್‌ಗೆ ಹೆಚ್ಚಿನವರು ಐಬಸ್ ಎಂಬ ಇನ್‌ಪುಟ್ ಪ್ರೋಗ್ರಾಂ ಮತ್ತು ಅದಕ್ಕೆ ಭಾಷಾ ವಿನ್ಯಾಸ ಒದಗಿಸುವ ಎಂ17ಎನ್ ಬಳಸುತ್ತಾರೆ. ಐಬಸ್ ಬೇರೆಯೇ ಪ್ರೋಗ್ರಾಂ. ಅದೊಂದೇ ಸತ್ತರೆ ಕನ್ನಡ ಬರುವುದು ನಿಲ್ಲಬೇಕೇ ಹೊರತು ಪರದೆ ಹೋಗಬಾರದು. ಅದನ್ನು ದಾರಿಯಿಂದ ತೆಗೆದು ನೋಡುವ ಸುಲಭ ಉಪಾಯ: ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಎಂ17ಎನ್ ಹೆಸರಿಲ್ಲದ, ಬರೀ ಕನ್ನಡ ಕಗಪ ಎಂಬ ವಿನ್ಯಾಸವಿದೆ. ಅದು ಕೀಲಿಮಣೆ ವಿನ್ಯಾಸಗಳ ಎಕ್ಸ್‌ಕೆಬಿ ವ್ಯವಸ್ಥೆಗೆ ಸೇರಿದ್ದು, ನಡುವೆ ಇನ್‌ಪುಟ್ ಎಂಜಿನ್ ಇಲ್ಲ. ಒಂದು ವಾರ ಅದರಲ್ಲೇ ಟೈಪಿಸಿ.

ಒತ್ತಕ್ಷರಗಳನ್ನು ಜೋಡಿಸುವ ಕೆಲಸ ಆಯಾ ಪ್ರೋಗ್ರಾಂನ ಒಳಗೇ, ಹಾರ್ಫ್‌ಬಝ್ ಲೈಬ್ರರಿಯಲ್ಲಿ ನಡೆಯುತ್ತದೆ. ಅಲ್ಲಿ ಎಡವಿದರೆ ಆ ಪ್ರೋಗ್ರಾಂ ಮಾತ್ರ ಬೀಳಬೇಕು. ಆದರೆ ವೇಲ್ಯಾಂಡ್‌ನ ಗ್ನೋಮ್‌ನಲ್ಲಿ ಅಧಿಸೂಚನೆಯನ್ನು ಬರೆಯುವುದು ಗ್ನೋಮ್ ಶೆಲ್, ಅದೇ ಡಿಸ್‌ಪ್ಲೇ ಸರ್ವರ್. ಇದು ಬರೀ ಕಲ್ಪನೆಯ ಭಯವಲ್ಲ: 2018ರ ಫೆಬ್ರುವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರವಿರುವ ಸಂದೇಶ ಬಂದರೆ ಐಫೋನ್‌ಗಳು ಬೀಳುತ್ತಿದ್ದವು, ಅಧಿಸೂಚನೆಯಲ್ಲಿ ಬಂದರೆ ಮುಖಪರದೆ ನಡೆಸುವ ಪ್ರೋಗ್ರಾಂ ಸಮೇತ ಬೀಳುತ್ತಿತ್ತು. ಐಓಎಸ್ 11.2.6ರಲ್ಲಿ ಅದನ್ನು ಸರಿಪಡಿಸಿದರು. ನಿಮ್ಮ ಯಂತ್ರದಲ್ಲೂ ಒಂದು ನಿರ್ದಿಷ್ಟ ಪದ ಬಂದಾಗಲೆಲ್ಲ ಬೀಳುತ್ತಿದ್ದರೆ ಅದು ಅದೃಷ್ಟ ಎಂದುಕೊಳ್ಳಿ. ಕರೆದಾಗ ಬರುವ ದೋಷ ದೋಷಗಳಲ್ಲೇ ಉತ್ತಮ.

ಗ್ನೋಮ್ ಎಕ್ಸ್‌ಟೆನ್ಷನ್‌ಗಳು ಇಷ್ಟೆಲ್ಲ ಮಾಡಬಲ್ಲವೇ?

ಮಾಡಬಲ್ಲವು. ಡೆಸ್ಕ್‌ಟಾಪ್‌ಗೆ ಹೊಸ ಸೌಲಭ್ಯ ಸೇರಿಸುವ ಈ ತುಣುಕುಗಳು ಗ್ನೋಮ್ ಶೆಲ್‌ನ ಹೊಟ್ಟೆಯೊಳಗೇ ಓಡುತ್ತವೆ. ಎಕ್ಸ್ ಕಾಲದಲ್ಲಿ ಶೆಲ್ ಎಡವಟ್ಟು ಮಾಡಿದರೆ ಆಲ್ಟ್ ಎಫ್2 ಒತ್ತಿ ‘ಆರ್’ ಎಂದು ಬರೆದು ಅದೊಂದನ್ನೇ ಎಬ್ಬಿಸಬಹುದಿತ್ತು, ವಿಂಡೋಗಳು ಉಳಿಯುತ್ತಿದ್ದವು. ವೇಲ್ಯಾಂಡ್‌ನಲ್ಲಿ ಆ ಸೌಲಭ್ಯವಿಲ್ಲ. ಕೆಡಿಇಯವರು ತಮ್ಮ ಡೆಸ್ಕ್‌ಟಾಪ್ ಪ್ಲಾಸ್ಮಾ 6ರಲ್ಲಿ ಕೆವಿನ್ ಬಿದ್ದು ಎದ್ದರೂ ಕ್ಯೂಟಿ (ಕೆಡಿಇ ಬಳಸುವ ಟೂಲ್‌ಕಿಟ್) ಪ್ರೋಗ್ರಾಂಗಳು ಉಳಿಯುವಂತೆ ಮಾಡಿದ್ದಾರೆ. ಈ ವಿಷಯದಲ್ಲಿ ನನ್ನ ಮತ ಅವರಿಗೆ. ಎಲ್ಲ ಎಕ್ಸ್‌ಟೆನ್ಷನ್‌ಗಳನ್ನೂ ನಿಷ್ಕ್ರಿಯಗೊಳಿಸಿ ಕೆಲವು ದಿನ ಬಳಸಿ ನೋಡಿ.

ವೇಲ್ಯಾಂಡ್ ಬಿಟ್ಟು ಎಕ್ಸ್‌ಗೆ ಹೋದರೆ ಸರಿಹೋಗುತ್ತದೆಯೇ?

ಪರೀಕ್ಷೆಯಾಗಿ ಒಳ್ಳೆಯದು, ಪರಿಹಾರವಾಗಿ ಅಲ್ಲ. ಲಾಗಿನ್ ಪರದೆಯ ಮೂಲೆಯಲ್ಲಿರುವ ಹಲ್ಲುಚಕ್ರದ ಗುರುತಿನಲ್ಲಿ ಇನ್ನೊಂದು ಸೆಷನ್ ಆರಿಸಿ. ಎರಡರಲ್ಲೂ ಬಿದ್ದರೆ ತೊಂದರೆ ಎರಡಕ್ಕೂ ಕೆಳಗಿದೆ: ಕರ್ನಲ್, ಮೆಸಾ ಅಥವಾ ಯಂತ್ರ. ಉಬುಂಟು 25.10ರಲ್ಲಿ ಗ್ನೋಮ್‌ನ ಎಕ್ಸ್ ಸೆಷನ್ನೇ ಇಲ್ಲ, ಹಾಗಾಗಿ ಹಿಂದೆ ಓಡುವ ದಾರಿ ಮುಚ್ಚುತ್ತಿದೆ.

ಪಾಸ್‌ವರ್ಡ್ ಸರಿ ಇದ್ದರೂ ಮತ್ತೆ ಮತ್ತೆ ಲಾಗಿನ್ ಪರದೆಗೇ ಬರುತ್ತದೆ.

ಇದು ಬೇರೆ ರೋಗ. ಎಫ್3 ಪರದೆಗೆ ಹೋಗಿ ‘ಡಿಎಫ್ -ಎಚ್’ ಕೊಡಿ. ಡಿಸ್ಕ್ 100 ಪ್ರತಿಶತ ತುಂಬಿದ್ದರೆ ಅದೇ ಕಾರಣ. ಜಾಗವಿದ್ದರೆ ಹೋಮ್ ಕೋಶದ .ಎಕ್ಸ್‌ಅಥಾರಿಟಿ ಕಡತ ಯಾರ ಹೆಸರಿನಲ್ಲಿದೆ ನೋಡಿ. ಯಾವಾಗಲೋ ಸುಡೊ ಹಾಕಿ ಏನನ್ನೋ ಓಡಿಸಿದ್ದರಿಂದ ಅದು ನಿರ್ವಾಹಕ ಖಾತೆಯಾದ ರೂಟ್ ಪಾಲಾಗಿದ್ದರೆ ನಿಮ್ಮ ಹೆಸರಿಗೆ ಮರಳಿಸಿ.

ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡಲೇ?

ಬೇಡ. ಮೊದಲು ಹೊಸ ಬಳಕೆದಾರರ ಖಾತೆ ಮಾಡಿ ಅದರಲ್ಲಿ ನೋಡಿ. ಆಮೇಲೆ ಗ್ರಬ್‌ನ ಅಡ್ವಾನ್ಸ್‌ಡ್ ಆಯ್ಕೆಯಿಂದ ಹಿಂದಿನ ಕರ್ನಲ್‌ನಲ್ಲಿ ನೋಡಿ. ಅಪ್‌ಡೇಟ್ ಆದ ಮೇಲೆ ಶುರುವಾದ ತೊಂದರೆಗಳಿಗೆ ಇದು ಅತಿ ಅಗ್ಗದ ಪರೀಕ್ಷೆ. ಕೊನೆಗೆ ಬೇರೊಂದು ವಿತರಣೆಯನ್ನು ಪೆನ್‌ಡ್ರೈವ್‌ನಿಂದ ಲೈವ್ ಆಗಿ ಓಡಿಸಿ ಅದರಲ್ಲೇ ಕೆಲಸ ಮಾಡಿ. ಅಲ್ಲೂ ಬಿದ್ದರೆ ಹೊಸದಾಗಿ ಹಾಕಿ ಪ್ರಯೋಜನವಿಲ್ಲ ಎಂಬುದು ಒಂದು ಅಕ್ಷರ ಅಳಿಸದೆಯೇ ತಿಳಿದುಹೋಯಿತು.

‘ನೊಮೋಡ್‌ಸೆಟ್’ ಎಂಬ ಕರ್ನಲ್ ಆಯ್ಕೆ ಹಾಕಿ ಸರಿಯಾಯಿತು ಎನ್ನುವವರಿಗೆ ಒಂದು ಮಾತು. ಅದು ಗ್ರಾಫಿಕ್ಸ್ ಡ್ರೈವರನ್ನೇ ಕೆಲಸದಿಂದ ಬಿಡಿಸುತ್ತದೆ. ಒಳಗೆ ಹೋಗಲು ಬೇಕಾದ ಕಿಟಕಿ ಅದು, ಬಾಳುವ ಮನೆಯಲ್ಲ.

ನಾಲ್ಕು ದಿನದಿಂದ ಬಿದ್ದಿಲ್ಲ. ಸರಿಹೋಯಿತು ತಾನೇ?

ಸರಾಸರಿ ಮೂರು ದಿನಕ್ಕೊಮ್ಮೆ ಬೀಳುತ್ತಿದ್ದ ಯಂತ್ರ ಏನನ್ನೂ ಬದಲಿಸದಿದ್ದರೂ ನಾಲ್ಕು ದಿನ ಸುಮ್ಮನಿರುವ ಸಾಧ್ಯತೆ ಸುಮಾರು ನಾಲ್ಕರಲ್ಲೊಂದು. ಒಂಬತ್ತು ದಿನ ಸುಮ್ಮನಿರುವ ಸಾಧ್ಯತೆ ನೂರಕ್ಕೆ ಐದು. ಆದ್ದರಿಂದ ನನ್ನ ಲೆಕ್ಕ: ಎರಡು ಕ್ರ್ಯಾಶ್‌ಗಳ ನಡುವಿನ ಸರಾಸರಿ ಅಂತರದ ಮೂರು ಪಟ್ಟು ಕಾಯಿರಿ, ಅಷ್ಟು ದಿನ ಬೇರೆ ಏನನ್ನೂ ಮುಟ್ಟಬೇಡಿ. ವಾರಕ್ಕೊಮ್ಮೆ ಬೀಳುತ್ತಿದ್ದರೆ ಮೂರು ವಾರ. ಬೇಸರದ ಕೆಲಸವೇ, ಆದರೆ ಇದಕ್ಕಿಂತ ಚಿಕ್ಕ ದಾರಿ ನನಗೆ ಸಿಕ್ಕಿಲ್ಲ.

ದೋಷ ವರದಿ ಮಾಡಬೇಕೆಂದಿದ್ದೇನೆ. ಏನೇನು ಬರೆಯಲಿ?

ಕರ್ನಲ್ ಆವೃತ್ತಿ, ಮೆಸಾ ಅಥವಾ ಡ್ರೈವರ್ ಆವೃತ್ತಿ, ‘ಎಲ್‌ಎಸ್‌ಪಿಸಿಐ’ ತೋರಿಸುವ ಗ್ರಾಫಿಕ್ಸ್ ಚಿಪ್‌ನ ಹೆಸರು, ಎಕ್ಸ್ ಅಥವಾ ವೇಲ್ಯಾಂಡ್, ಸಮಯಗಳ ಪಟ್ಟಿ, ಆ ಎರಡು ನಿಮಿಷದ ಲಾಗ್, ಯಾವ ಆವೃತ್ತಿಯವರೆಗೆ ಸರಿಯಿತ್ತು ಎಂಬುದು. ಮೆಸಾ ಮತ್ತು ಇಂಟೆಲ್, ಎಎಂಡಿ ಕರ್ನಲ್ ಡ್ರೈವರ್‌ಗಳ ದೂರುಗಳು ಫ್ರೀಡೆಸ್ಕ್‌ಟಾಪ್ ಯೋಜನೆಯ ಗಿಟ್‌ಲ್ಯಾಬ್ ಜಾಲತಾಣಕ್ಕೆ ಹೋಗುತ್ತವೆ. ಮೊದಲು ನಿಮ್ಮ ವಿತರಣೆಯವರಿಗೆ ತಿಳಿಸಿದರೂ ನಡೆಯುತ್ತದೆ. ಕೋರ್ ಡಂಪ್ ಕಡತವನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಅದು ಸತ್ತ ಪ್ರೋಗ್ರಾಂನ ಇಡೀ ನೆನಪು. ನೀವು ಆಗಷ್ಟೇ ಟೈಪಿಸಿದ ಪಾಸ್‌ವರ್ಡ್ ಕೂಡ ಅದರಲ್ಲಿರಬಹುದು.